ದುರ್ಗದಿಂದ ನಮೀಬಿಯಾಕ್ಕೆ: ಹದಿಮೂರು ರಾತ್ರಿಯ ಕಾರು ಪ್ರವಾಸ ಹೂಡುವುದು ಹೇಗೆ

ಚಿತ್ರದುರ್ಗ ಜಿಲ್ಲೆಯ ವಿಸ್ತೀರ್ಣ ಸುಮಾರು 8,400 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಇಲ್ಲಿದ್ದವರು ಹದಿನಾರೂವರೆ ಲಕ್ಷ ಜನ. ಆಫ್ರಿಕಾದ ನೈರುತ್ಯ ಮೂಲೆಯ ದೇಶ ನಮೀಬಿಯಾ ಇದರ ಹತ್ತಿರ ಹತ್ತಿರ ನೂರು ಪಟ್ಟು ದೊಡ್ಡದು, ಆದರೆ 2023ರ ಗಣತಿಯಲ್ಲಿ ಅಲ್ಲಿದ್ದ ಜನ ಸುಮಾರು 30 ಲಕ್ಷ. ಪ್ರವಾಸ ಹೂಡುವವರು ಮೊದಲು ಈ ಲೆಕ್ಕವನ್ನು ತಲೆಗೆ ಹಾಕಿಕೊಳ್ಳಬೇಕು. ಊರಿಗೂ ಊರಿಗೂ ನಡುವೆ ನೂರೈವತ್ತು ಕಿಲೋಮೀಟರ್ ಏನೂ ಇರುವುದಿಲ್ಲ. ಚಹಾ ಅಂಗಡಿ ಇಲ್ಲ, ಪಂಕ್ಚರ್ ಅಂಗಡಿ ಇಲ್ಲ, ನೀರಿಲ್ಲ. ನೋಡಬೇಕಾದ ಜಾಗಗಳ ಪಟ್ಟಿ ಹಿಡಿದು ಹೊರಟವರು ಅಲ್ಲಿ ಸೋಲುತ್ತಾರೆ. ನೀರು, ಡೀಸೆಲ್, ಹಗಲಿನ ಗಂಟೆ, ಈ ಮೂರನ್ನು ಹಿಡಿದು ಲೆಕ್ಕ ಹಾಕಿದವರಿಗೆ ಆ ದೇಶ ತಾನಾಗಿ ತೆರೆದುಕೊಳ್ಳುತ್ತದೆ. ಬಯಲುಸೀಮೆಯವರಿಗೆ ಈ ಲೆಕ್ಕ ಹೊಸದಲ್ಲ.

ಯಾವಾಗ, ಯಾವ ದಾರಿಯಲ್ಲಿ

ಅಲ್ಲಿ ಮಳೆಗಾಲ ನವೆಂಬರ್‌ನಿಂದ ಏಪ್ರಿಲ್‌. ಜನವರಿಯಿಂದ ಮಾರ್ಚ್‌ವರೆಗೆ ಒಣಹಳ್ಳಗಳು ಹೇಳದೆ ಕೇಳದೆ ಬಂದು ರಸ್ತೆ ಕಡಿಯುತ್ತವೆ. ಪ್ರಾಣಿ ನೋಡುವುದೇ ಮುಖ್ಯವಾದರೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ಒಣ ತಿಂಗಳು ಒಳ್ಳೆಯದು. ನೀರಿನ ಗುಂಡಿಗಳು ಬತ್ತಿದಷ್ಟೂ ಪ್ರಾಣಿಗಳು ಉಳಿದ ಗುಂಡಿಗಳಿಗೆ ಕೂಡುತ್ತವೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ನಮ್ಮ ಬೇಸಿಗೆ ರಜೆಯ ಮೇ ತಿಂಗಳು ಸರಿಹೊಂದುತ್ತದೆ: ಮಳೆ ಮುಗಿದಿರುತ್ತದೆ, ಬಿಸಿಲು ಇಳಿದಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮರಳುಗಾಡಿನ ರಾತ್ರಿ ಸೊನ್ನೆ ಡಿಗ್ರಿಯ ಹತ್ತಿರ ಇಳಿಯುತ್ತದೆ. ಮರುಭೂಮಿ ಎಂದರೆ ಸೆಕೆ ಎಂದುಕೊಂಡು ತೆಳು ಅಂಗಿ ತಂದವರು ಡೇರೆಯಲ್ಲಿ ನಿದ್ದೆಯಿಲ್ಲದೆ ನಡುಗುತ್ತಾರೆ. ಉಣ್ಣೆಯ ಟೋಪಿ ಮತ್ತು ದಪ್ಪ ಸ್ವೆಟರ್ ಬೇಕೇ ಬೇಕು.

ಭಾರತದಿಂದ ರಾಜಧಾನಿ ವಿಂಡ್‌ಹುಕ್‌ಗೆ ನೇರ ವಿಮಾನವಿಲ್ಲ. ಜೋಹಾನ್ಸ್‌ಬರ್ಗ್ ಅಥವಾ ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಬೇಕು. ಕೊನೆಯವರೆಗೆ ಒಂದೇ ಟಿಕೆಟ್ ಇರಲಿ. ಅಗ್ಗವೆಂದು ಎರಡು ಬೇರೆ ಟಿಕೆಟ್ ಕೊಂಡರೆ ಜೋಹಾನ್ಸ್‌ಬರ್ಗ್‌ನಲ್ಲಿ ಸಾಮಾನು ಪಡೆಯಲು ಹೊರಗೆ ಬರಬೇಕಾಗುತ್ತದೆ, ಅದಕ್ಕೆ ದಕ್ಷಿಣ ಆಫ್ರಿಕಾದ ವೀಸಾ ಬೇಕು. ಅಡಿಸ್ ಮೂಲಕ ಹೋಗುವವರು ಹಳದಿ ಜ್ವರದ ಲಸಿಕೆಯ ಕಾರ್ಡ್ ಇಟ್ಟುಕೊಳ್ಳಲಿ. ಹೋಗುವಾಗ ನಮೀಬಿಯಾದವರು ಕೇಳಬಹುದು, ಬರುವಾಗ ನಮ್ಮವರೇ ಕೇಳಬಹುದು. ಈ ಲಸಿಕೆಯನ್ನು ಕೇಂದ್ರ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಬೆಂಗಳೂರಿಗೆ ಹೋಗಿ ಬರುವುದು ಸುಲಭ. ಕಾರ್ಡ್‌ಗೆ ಮಾನ್ಯತೆ ಬರುವುದು ಹತ್ತು ದಿನದ ನಂತರ. ಹೊರಡುವ ವಾರ ಹಾಕಿಸಿಕೊಂಡರೆ ಉಪಯೋಗವಿಲ್ಲ. ಉತ್ತರದ ವನ್ಯಜೀವಿ ಉದ್ಯಾನ ಎಟೋಶಾ ಕಡೆ ಮಲೇರಿಯಾ ಉಂಟು, ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ವೀಸಾ ನಿಯಮ ಬದಲಾಗುತ್ತಿರುವುದರಿಂದ ಟಿಕೆಟ್ ಕೊಳ್ಳುವ ಮೊದಲು ದೆಹಲಿಯ ನಮೀಬಿಯಾ ಹೈಕಮಿಷನ್ ಕಚೇರಿಯ ಮಾಹಿತಿ ನೋಡಿ. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಮತ್ತು ಖಾಲಿ ಪುಟಗಳು ಉಳಿದಿರಬೇಕು.

ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ದಾವಣಗೆರೆ ಅಥವಾ ಚಿತ್ರದುರ್ಗದ ಆರ್‌ಟಿಒ ಕಚೇರಿಯಲ್ಲೇ ಪಡೆಯಬಹುದು. ನಮೂನೆ 4ಎ, ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಇಬ್ಬರು ಓಡಿಸುವಂತಿದ್ದರೆ ಇಬ್ಬರೂ ಮಾಡಿಸಿ. ಅಲ್ಲೂ ನಮ್ಮಂತೆ ಎಡಬದಿಯ ಸಂಚಾರ. ಪ್ಲಗ್‌ನ ಚಿಂತೆಯೂ ಕಡಿಮೆ: ನಮ್ಮಲ್ಲಿ ಗೀಸರ್‌ಗೆ ಹಾಕುವ ದಪ್ಪ ಮೂರು ಕಡ್ಡಿಯ ಪ್ಲಗ್ಗೇ ಅಲ್ಲಿ ಬಳಕೆಯಲ್ಲಿದೆ. ಗಡಿಯಾರವನ್ನು ಮೂರೂವರೆ ಗಂಟೆ ಹಿಂದಕ್ಕೆ ತಿರುಗಿಸಿ.

ಹದಿಮೂರು ರಾತ್ರಿಯನ್ನು ಹೀಗೆ ಹಂಚುವುದು ಒಳ್ಳೆಯದು. ವಿಂಡ್‌ಹುಕ್‌ನಲ್ಲಿ ಒಂದು, ಮರಳು ದಿಬ್ಬಗಳ ಸೆಸ್ರಿಯಮ್‌ನಲ್ಲಿ ಎರಡು, ಕಡಲ ತೀರದ ಸ್ವಾಕೊಪ್‌ಮುಂಡ್‌ನಲ್ಲಿ ಎರಡು, ಸ್ಪಿಟ್ಸ್‌ಕೊಪ್ಪೆ ಬಂಡೆಗಳ ಬುಡದಲ್ಲಿ ಒಂದು, ಟ್ವೈಫೆಲ್‌ಫಾಂಟೈನ್ ಕಡೆ ಎರಡು, ಎಟೋಶಾದಲ್ಲಿ ಮೂರು, ವಾಟರ್‌ಬರ್ಗ್ ಬೆಟ್ಟದಲ್ಲಿ ಒಂದು, ಕೊನೆಯದು ಮತ್ತೆ ವಿಂಡ್‌ಹುಕ್‌ನಲ್ಲಿ. ದಕ್ಷಿಣದ ಫಿಶ್ ರಿವರ್ ಕಣಿವೆ 160 ಕಿ.ಮೀ. ಉದ್ದದ ಅದ್ಭುತ, ಆದರೆ ಇದರಲ್ಲಿ ಸೇರಿಸಬೇಡಿ. ಸೇರಿಸಿದರೆ ದಿನವೆಲ್ಲ ಸ್ಟೀರಿಂಗ್ ಹಿಡಿದೇ ಕೂರಬೇಕಾಗುತ್ತದೆ.

ಜಲ್ಲಿ ರಸ್ತೆ

ಇಲ್ಲಿ ನಿಧಾನವಾಗಿ ಓದಿ. ನಮೀಬಿಯಾದಲ್ಲಿ ಪ್ರವಾಸಿಗಳು ಹೆಚ್ಚಾಗಿ ಸಾಯುವುದು ಸಿಂಹದಿಂದಲ್ಲ, ಜಲ್ಲಿ ರಸ್ತೆಯಲ್ಲಿ ಕಾರು ಮಗುಚಿ.

ಬಿ ಎಂದು ಶುರುವಾಗುವ ಹೆದ್ದಾರಿಗಳಿಗೆ ಡಾಂಬರಿದೆ. ಸಿ ರಸ್ತೆಗಳಲ್ಲಿ ಹೆಚ್ಚಿನವು ಜಲ್ಲಿಯವು, ಡಿ ರಸ್ತೆಗಳು ಅದಕ್ಕಿಂತ ಒರಟು. ಫಲಕದಲ್ಲಿ ಗಂಟೆಗೆ 100 ಕಿ.ಮೀ. ಎಂದಿದ್ದರೂ ಜಲ್ಲಿಯ ಮೇಲೆ 80 ದಾಟಬೇಡಿ, ತಿರುವಿನಲ್ಲಿ 50ಕ್ಕೆ ಇಳಿಸಿ. ಜಲ್ಲಿಯ ಮೇಲೆ ಅಡ್ಡಡ್ಡ ಗೆರೆಗಳು ಬಿದ್ದು ರಸ್ತೆ ತಗಡಿನ ಶೀಟಿನಂತಾಗಿರುತ್ತದೆ. ವೇಗ ಹೆಚ್ಚಿದಾಗ ಚಕ್ರ ಗೆರೆಯ ತುದಿಯಿಂದ ತುದಿಗೆ ಹಾರುತ್ತದೆ. ಕಾರು ನುಣ್ಣಗೆ ತೇಲುತ್ತಿದೆ ಎಂದು ಚಾಲಕನಿಗೆ ಹಿತವಾಗುತ್ತದೆ, ಆದರೆ ಆ ಹೊತ್ತಿಗೆ ಟೈರು ನೆಲವನ್ನು ಬಿಟ್ಟಿರುತ್ತದೆ. ಆಗ ಬ್ರೇಕ್ ಒತ್ತಿದರೆ ಹಿಂಭಾಗ ಪಕ್ಕಕ್ಕೆ ಜಾರುತ್ತದೆ, ಗಾಬರಿಯಿಂದ ಸ್ಟೀರಿಂಗ್ ಎದುರು ದಿಕ್ಕಿಗೆ ಎಳೆದರೆ ಮಗುಚುತ್ತದೆ. ಜಾರಿದಾಗ ಮಾಡಬೇಕಾದದ್ದು ಇಷ್ಟೇ: ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಬ್ರೇಕ್ ಮುಟ್ಟಬೇಡಿ, ಹೋಗಬೇಕಾದ ಕಡೆಗೆ ಸ್ಟೀರಿಂಗನ್ನು ಮೆಲ್ಲಗೆ ತಿರುಗಿಸಿ, ಕಾರು ತಾನೇ ನಿಧಾನವಾಗಲಿ. ಪ್ರಾಣಿ ಅಡ್ಡ ಬಂದರೂ ನೇರವಾಗಿಯೇ ನಿಲ್ಲಿಸಲು ನೋಡಿ, ಸರಕ್ಕನೆ ಪಕ್ಕಕ್ಕೆ ಎಳೆಯಬೇಡಿ.

ಟೈರಿನ ಗಾಳಿಯೇ ಅರ್ಧ ರಕ್ಷಣೆ. ಸಾಮಾನು ತುಂಬಿದ ನಾಲ್ಕು ಚಕ್ರ ಚಾಲನೆಯ ಪಿಕಪ್‌ಗೆ ಡಾಂಬರಿನ ಮೇಲೆ 32ರಿಂದ 35 ಪಿಎಸ್‌ಐ, ಜಲ್ಲಿಯ ಮೇಲೆ 26ರಿಂದ 28, ಆಳ ಮರಳಿನಲ್ಲಿ 16ರಿಂದ 18. ಬೆಳಿಗ್ಗೆ ಟೈರು ತಣ್ಣಗಿರುವಾಗ ಅಳೆಯಿರಿ. ಬಾಡಿಗೆಯವರು ತಮ್ಮ ಗಾಡಿಗೆ ಬೇರೆ ಅಂಕಿ ಹೇಳಿದರೆ ಅದನ್ನೇ ಪಾಲಿಸಿ. ಮರಳಿನಿಂದ ಹೊರಬಂದ ಕೂಡಲೇ ಗಾಳಿ ತುಂಬಿಸಬೇಕು. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರಿನ ಪಕ್ಕ ಕಾದು ಸಿಡಿಯುತ್ತದೆ. ಕಾರು ಪಡೆಯುವಾಗ ಎರಡು ಸ್ಟೆಪ್ನಿ, ಗಾಳಿ ಪಂಪ್, ಗಾಳಿ ಮಾಪಕ, ಸಲಿಕೆ, ಎಳೆಯುವ ಹಗ್ಗ ಇವೆಯೇ ನೋಡಿ. ಜಾಕ್ ಇದೆ ಎಂದು ನೋಡಿದರೆ ಸಾಲದು, ಅಲ್ಲೇ ನಿಂತು ಒಮ್ಮೆ ಎತ್ತಿ ಇಳಿಸಿ. ಹೊರಡುವ ಮೊದಲು ಊರಿನಲ್ಲೇ ನಿಮ್ಮ ಕಾರಿನ ಚಕ್ರವನ್ನು ಮನೆಯವರೆಲ್ಲ ಒಂದೊಂದು ಸಲ ಬದಲಿಸಿ ಅಭ್ಯಾಸ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ವಿಮೆಯ ಪತ್ರವನ್ನು ಸಹಿಗೆ ಮುಂಚೆ ಓದಿ. ಟೈರು, ಮುಂಗಾಜು, ಬೇರೆ ವಾಹನ ತಾಗದೆ ತಾನೇ ಮಗುಚಿದ್ದು, ಈ ಮೂರು ಅನೇಕ ಬಾರಿ ಹೊರಗಿರುತ್ತವೆ. ಸೂರ್ಯ ಮುಳುಗಿದ ಮೇಲೆ ಓಡಿಸಿದರೆ ವಿಮೆಯೇ ರದ್ದಾಗುವ ಕರಾರು ಸಾಮಾನ್ಯ. ಅದು ನ್ಯಾಯವೂ ಹೌದು: ಮುಸ್ಸಂಜೆಗೆ ರಸ್ತೆಗೆ ಬರುವ ಕುಡು ಜಿಂಕೆ ನಮ್ಮ ಎತ್ತಿನಷ್ಟು ದೊಡ್ಡದು. ದಿನಕ್ಕೆ 350 ಕಿ.ಮೀ. ಮೀರದಂತೆ ಯೋಜಿಸಿ, ಮಧ್ಯಾಹ್ನ ನಾಲ್ಕಕ್ಕೆ ತಲುಪಿರಿ. ಎದುರು ಲಾರಿಯ ಧೂಳು ಕಂಡರೆ ದೀಪ ಹಚ್ಚಿ, ವೇಗ ಇಳಿಸಿ, ಎಡಕ್ಕೆ ಸರಿಯಿರಿ.

ಡೀಸೆಲ್ ಅರ್ಧಕ್ಕೆ ಇಳಿದಾಗ ಸಿಕ್ಕಿದ ಕಡೆ ತುಂಬಿಸಿ. ಕುಡಿಯುವ ನೀರು ತಲೆಗೆ ದಿನಕ್ಕೆ ಐದು ಲೀಟರ್. ನಾಲ್ವರಿದ್ದರೆ 20 ಲೀಟರಿನ ಎರಡು ಕ್ಯಾನ್ ಸದಾ ತುಂಬಿರಲಿ, ಒಂದು ಬಳಕೆಗೆ, ಇನ್ನೊಂದು ಕಾರು ಕೆಟ್ಟು ನಿಂತ ದಿನಕ್ಕೆ. ಕಾರು ಕೆಟ್ಟರೆ ಅದನ್ನು ಬಿಟ್ಟು ನಡೆದು ಹೋಗಬೇಡಿ. ನೆರಳೂ ನೀರೂ ಕಾರಿನಲ್ಲೇ ಇವೆ.

ನೆಲವನ್ನು ಓದುವುದು

ವೇದಾವತಿ ಬತ್ತಿದಾಗ ಹೊಳೆಯ ಮರಳು ತೋಡಿ ವರತೆ ನೀರು ತುಂಬಿಕೊಂಡ ಊರುಗಳವರಿಗೆ ನಮೀಬಿಯಾದ ಹೊಳೆಗಳು ಬೇಗ ಅರ್ಥವಾಗುತ್ತವೆ. ಆ ದೇಶದ ಒಳಗೆ ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲ. ಆರೆಂಜ್, ಕುನೆನೆ, ಒಕವಾಂಗೊ, ಜಾಂಬೆಜಿ ಎಲ್ಲ ಗಡಿಯ ಅಂಚಿನಲ್ಲೇ. ಒಳನಾಡಿನ ಒಣಹೊಳೆಗಳ ಮರಳಿನಡಿ ನೀರು ನಿಂತಿರುತ್ತದೆ, ಆನೆಗಳು ಸೊಂಡಿಲಿನಿಂದ ವರತೆ ತೋಡುತ್ತವೆ. ಬಯಲಿನ ನಡುವೆ ಹಸಿರು ಮರದ ಸಾಲು ಹಾವಿನಂತೆ ಹೊರಟಿದ್ದರೆ ಅದೇ ಹೊಳೆ.

ಸೆಸ್ರಿಯಮ್ ಎಂಬ ಹೆಸರಿನಲ್ಲೇ ನೀರಿನ ಲೆಕ್ಕವಿದೆ. ಆಫ್ರಿಕಾನ್ಸ್‌ನಲ್ಲಿ ಅದಕ್ಕೆ ಆರು ಮಿಣಿ ಎಂದರ್ಥ. ಅಲ್ಲಿನ ಕಂದಕದಿಂದ ನೀರು ಸೇದಲು ಎತ್ತಿನ ಗಾಡಿಯವರು ಆರು ಚರ್ಮದ ಮಿಣಿಗಳನ್ನು ಒಂದಕ್ಕೊಂದು ಗಂಟು ಹಾಕಬೇಕಿತ್ತು. ಕಪಿಲೆ ಬಾವಿ ಕಂಡ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೆಸ್ರಿಯಮ್‌ನಲ್ಲಿ ಉದ್ಯಾನದ ಗೇಟಿನ ಒಳಗಿರುವ ಶಿಬಿರದಲ್ಲೇ ಜಾಗ ಕಾದಿರಿಸಿ. ಒಳಗೆ ಉಳಿದವರನ್ನು ಹೊರಗಿನವರಿಗಿಂತ ಮುಂಚೆ, ಸೂರ್ಯೋದಯಕ್ಕೆ ಮೊದಲೇ ಬಿಡುತ್ತಾರೆ. ಗೇಟಿನಿಂದ ದಿಬ್ಬಗಳ ಕಡೆಗೆ ಹೋಗುವ ಡಾಂಬರಿನ 60 ಕಿ.ಮೀ.ಗೆ ಸಾಮಾನ್ಯ ಕಾರೂ ಸಾಕು. ಕೊನೆಯ ನಾಲ್ಕೈದು ಕಿ.ಮೀ. ಮಾತ್ರ ಆಳ ಮರಳು. ಅನುಭವ ಇಲ್ಲದಿದ್ದರೆ ಅಲ್ಲಿ ಸಿಗುವ ಬಾಡಿಗೆ ಜೀಪನ್ನೇ ಹತ್ತಿ. ಓಡಿಸಲೇಬೇಕೆಂದರೆ ಗಾಳಿ ಇಳಿಸಿ, ಲೋ ಗೇರ್ ಹಾಕಿ, ನಡುವೆ ನಿಲ್ಲದೆ ಒಂದೇ ವೇಗದಲ್ಲಿ ಹೋಗಿ. ಹೂತಾಗ ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಕೂಡಲೇ ನಿಲ್ಲಿಸಿ, ಚಕ್ರದ ಮುಂದೆ ಹಿಂದೆ ಮರಳು ತೆಗೆದು, ಗಾಳಿ ಇನ್ನೂ ಎರಡು ಪಿಎಸ್‌ಐ ಇಳಿಸಿ, ಬಂದ ಜಾಡಿನಲ್ಲೇ ಹಿಂದಕ್ಕೆ ಬನ್ನಿ.

ಮರಳು ದಾರಿ ಮುಗಿದಲ್ಲಿಂದ ಒಂದು ಕಿ.ಮೀ. ನಡೆದರೆ ಡೆಡ್‌ವ್ಲೈ. ಬಿಳಿ ಜೇಡಿಯ ತಟ್ಟೆಯಲ್ಲಿ ಕಪ್ಪಗೆ ನಿಂತ ಒಣಮರಗಳು ನಮ್ಮ ಜಾಲಿಯ ಬಳಗದವು. ಒಂದು ಕಾಲಕ್ಕೆ ಸೌಚಾಬ್ ಹೊಳೆಯ ನೀರು ಇಲ್ಲಿಗೆ ಬರುತ್ತಿತ್ತು. ಮರಳು ದಿಬ್ಬ ಬೆಳೆದು ದಾರಿ ಮುಚ್ಚಿತು, ಮರಗಳು ಆರುನೂರು ವರ್ಷಕ್ಕೂ ಹಿಂದೆ ಸತ್ತವು. ಕೊಳೆಯಿಸುವ ತೇವವೇ ಇಲ್ಲದ್ದರಿಂದ ಇನ್ನೂ ನಿಂತಿವೆ. ದಯವಿಟ್ಟು ಅವನ್ನು ಮುಟ್ಟಬೇಡಿ, ಒರಗಬೇಡಿ. ಪಕ್ಕದ ದೊಡ್ಡ ದಿಬ್ಬದ ಎತ್ತರ 325 ಮೀಟರ್. ಏರುವುದಾದರೆ ಮುಂಜಾನೆಯೇ ಏರಿ, ದಿಬ್ಬದ ಏಣಿನ ಮೇಲೆ ಮುಂದಿನವರ ಹೆಜ್ಜೆಯಲ್ಲೇ ಹೆಜ್ಜೆ ಇಡಿ. ಹತ್ತು ಗಂಟೆಯ ಮೇಲೆ ಮರಳು ಬರಿಗಾಲನ್ನು ಸುಡುತ್ತದೆ.

ಸಿ 14 ರಸ್ತೆಯಲ್ಲಿ ಸ್ವಾಕೊಪ್‌ಮುಂಡ್ ಕಡೆ ಇಳಿಯುತ್ತಾ ಹೋದಂತೆ ಬಿಸಿಲು ಮಾಯವಾಗಿ ಮಂಜು ಕವಿಯುತ್ತದೆ. ಅಂಟಾರ್ಟಿಕ ಕಡೆಯಿಂದ ಬರುವ ತಣ್ಣನೆಯ ಬೆಂಗ್ವೆಲಾ ಪ್ರವಾಹ ಕಡಲ ಮೇಲಿನ ಗಾಳಿಯನ್ನು ತಂಪು ಮಾಡುತ್ತದೆ. ತಂಪು ಗಾಳಿ ಮೇಲೇರುವುದಿಲ್ಲ, ಮೇಲೇರದೆ ಮಳೆಯಾಗುವುದಿಲ್ಲ, ಮಂಜಷ್ಟೇ ಒಳನಾಡಿಗೆ ಹರಿಯುತ್ತದೆ. ವಾಲ್ವಿಸ್ ಬೇಯಲ್ಲಿ ವರ್ಷಕ್ಕೆ 20 ಮಿ.ಮೀ. ಮಳೆಯೂ ಬೀಳುವುದು ಕಷ್ಟ. ಆ ಮಂಜನ್ನೇ ನಂಬಿ ಒಂದು ಜಾತಿಯ ಜೀರುಂಡೆ ತಲೆಕೆಳಗಾಗಿ ನಿಂತು ಬೆನ್ನ ಮೇಲಿನ ಹನಿಯನ್ನು ಬಾಯಿಗೆ ಇಳಿಸಿಕೊಳ್ಳುತ್ತದೆ. ಎರಡೇ ಎಲೆಯ ವೆಲ್ವಿಚಿಯಾ ಗಿಡ ಸಾವಿರ ವರ್ಷಕ್ಕೂ ಮೀರಿ ಬದುಕುತ್ತದೆ. ಗಿಡದ ಸುತ್ತ ನಡೆದರೆ ಬೇರಿನ ಮೇಲಿನ ನೆಲ ಗಟ್ಟಿಯಾಗುತ್ತದೆ, ಕಲ್ಲಿನ ಗುರುತಿನಾಚೆಯೇ ನಿಲ್ಲಿ. ಬಯಲಿನ ಮೇಲೆ ಕಾರು ಇಳಿಸಬೇಡಿ, ಚಕ್ರದ ಗುರುತು ದಶಕಗಟ್ಟಲೆ ಅಳಿಯುವುದಿಲ್ಲ.

ಸ್ಪಿಟ್ಸ್‌ಕೊಪ್ಪೆಯ ಗ್ರಾನೈಟ್ ಬಂಡೆಗಳನ್ನು ಕಂಡ ಕೂಡಲೇ ದುರ್ಗದವರಿಗೆ ತವರು ಕಂಡಂತಾಗುತ್ತದೆ. ಕೋಟೆಯ ಗುಂಡುಗಳಂತೆಯೇ ದುಂಡಗೆ ಸುಲಿದ ಬಂಡೆ, ಹಾಗೇ ಒಂದರ ಮೇಲೊಂದು. ವಯಸ್ಸು ಮಾತ್ರ ಬೇರೆ: ಅವು ಹದಿಮೂರು ಕೋಟಿ ವರ್ಷದ ಆಸುಪಾಸಿನವು, ನಮ್ಮ ಕಲ್ಲುಗಳು 250 ಕೋಟಿ ವರ್ಷಕ್ಕೂ ಹಿಂದಿನವು. ಟ್ವೈಫೆಲ್‌ಫಾಂಟೈನ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಂಡೆಗೆತ್ತನೆಗಳಿವೆ, 2007ರಿಂದ ಅದು ವಿಶ್ವ ಪರಂಪರೆಯ ತಾಣ. ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ನೆತ್ತಿಯ ಬಿಸಿಲಿನಲ್ಲಿ ಗೆರೆಗಳು ಕಾಣುವುದೇ ಇಲ್ಲ, ಓರೆ ಬೆಳಕಿನಲ್ಲಿ ಎದ್ದು ನಿಲ್ಲುತ್ತವೆ.

ಎಟೋಶಾ 1907ರಲ್ಲಿ ಸಂರಕ್ಷಿತವಾಯಿತು. ನಮ್ಮ ಮಾರಿಕಣಿವೆ ಅಣೆಕಟ್ಟೆ ಮುಗಿದ ವರ್ಷವೂ ಅದೇ. ಪ್ರಾಣಿಗಳನ್ನು ಹುಡುಕಿಕೊಂಡು ಅಲೆಯುವುದು ಅಲ್ಲಿ ದೊಡ್ಡ ತಪ್ಪು. ಒಂದು ನೀರಿನ ಗುಂಡಿಯ ಬಳಿ ಎಂಜಿನ್ ಆರಿಸಿ ಎರಡು ಗಂಟೆ ಕುಳಿತರೆ ಆನೆ, ಜಿರಾಫೆ, ಜೀಬ್ರಾ ಸರದಿಯಲ್ಲಿ ಬರುತ್ತವೆ. ಒಕಾಕುಯೆಯೊ ಶಿಬಿರದ ಗುಂಡಿಗೆ ರಾತ್ರಿಯೂ ದೀಪವಿರುತ್ತದೆ, ಕಂಬಳಿ ಹೊದ್ದು ಮೌನವಾಗಿ ಕೂರಿ. ಕಾರಿನಿಂದ ಇಳಿಯಬಾರದು, 60 ಕಿ.ಮೀ. ವೇಗ ಮೀರಬಾರದು, ಸೂರ್ಯ ಮುಳುಗುವ ಮೊದಲು ಶಿಬಿರ ಸೇರಬೇಕು. ಅಲ್ಲಿಂದ ದಕ್ಷಿಣಕ್ಕೆ ಬರುವಾಗ ತಪಾಸಣೆಯಲ್ಲಿ ಹಸಿ ಮಾಂಸ ಕಿತ್ತುಕೊಳ್ಳುತ್ತಾರೆ. ಉತ್ತರದ ಕಾಲುಬಾಯಿ ಜ್ವರ ದಕ್ಷಿಣದ ದನಗಳಿಗೆ ಹರಡದಿರಲಿ ಎಂದು ದೇಶಕ್ಕೆ ಅಡ್ಡವಾಗಿ ಬೇಲಿಯನ್ನೇ ಹಾಕಿದ್ದಾರೆ. ಒಟ್ಜಿವಾರೊಂಗೊ ಬಳಿಯ ಚೀತಾ ಸಂರಕ್ಷಣಾ ಕೇಂದ್ರಕ್ಕೆ ಅರ್ಧ ದಿನ ಕೊಡಿ. 2022ರ ಸೆಪ್ಟೆಂಬರ್ 17ರಂದು ಕುನೋಗೆ ಬಂದ ಎಂಟು ಚೀತಾಗಳು ಈ ದೇಶದವು. ಕನ್ನಡದಲ್ಲಿ ಸಿವಂಗಿ ಎಂಬ ಹೆಸರು ಉಳಿದು ಪ್ರಾಣಿ ಅಳಿದುಹೋಗಿತ್ತು, ಆ ಪ್ರಾಣಿ ಅಲ್ಲಿ ಓಡುವುದನ್ನು ಕಣ್ಣಾರೆ ನೋಡಿ.

ಮುದ್ದೆ ಸಿಗುತ್ತದೆ

ಸಸ್ಯಾಹಾರಿಗಳು ಹೆದರಬೇಕಿಲ್ಲ. ಉತ್ತರದ ಒವಾಂಬೊ ಜನರ ಮುಖ್ಯ ಧಾನ್ಯ ಮಹಾಂಗು, ಅಂದರೆ ನಮ್ಮ ಸಜ್ಜೆ. ಅದರ ಹಿಟ್ಟಿನಿಂದ ಮಾಡುವ ಒಶಿಫಿಮಾವನ್ನು ಬಲಗೈಯಲ್ಲಿ ಮುರಿದು, ಅದ್ದಿಕೊಂಡು ತಿನ್ನುತ್ತಾರೆ. ಒಶಿಕುಂಡು ಎಂಬ ಪೇಯ ಸಜ್ಜೆಯ ಹುಳಿ ಅಂಬಲಿ. ಹೆರೆರೊ ಜನರ ಒಮಾಯೆರೆ ಹುಳಿ ಹಾಲು. ಸೂಪರ್‌ಮಾರ್ಕೆಟ್‌ನಲ್ಲಿ ಮಹಾಂಗು ಹಿಟ್ಟು ಕೊಳ್ಳಿ. ನಾಲ್ವರಿಗೆ ಒಂದೂಕಾಲು ಲೀಟರ್ ನೀರು, ಅರ್ಧ ಕಿಲೋ ಹಿಟ್ಟು. ಮೊದಲು ಒಂದು ಹಿಡಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಕುದಿಯುವ ನೀರಿಗೆ ಬಿಟ್ಟು ಗಂಜಿ ಮಾಡಿ, ಆಮೇಲೆ ಉಳಿದ ಹಿಟ್ಟು ಸುರಿದು, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಿ ಕೋಲಿನಿಂದ ತಿರುವಿ. ಸಜ್ಜೆಗೆ ರಾಗಿಯಷ್ಟು ಜಿಗುಟಿಲ್ಲ, ಆ ಗಂಜಿ ಬಿಟ್ಟರೆ ಮುದ್ದೆ ಒಡೆಯುತ್ತದೆ. ಸಣ್ಣ ಪ್ರೆಷರ್ ಕುಕ್ಕರ್ ಒಯ್ಯುವುದು ಮರೆಯಬೇಡಿ. ವಿಂಡ್‌ಹುಕ್ ಸುಮಾರು 1,650 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 95 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಒಲೆಗೆ ಒಣ ಕಟ್ಟಿಗೆ ಆರಿಸಬೇಡಿ, ಶಿಬಿರಗಳಲ್ಲಿ ಮಾರುವ ಕಟ್ಟನ್ನೇ ಕೊಳ್ಳಿ.

ರಾಜಧಾನಿಯ ನಲ್ಲಿ ನೀರು ಕುಡಿಯಲು ಯೋಗ್ಯ. ಕೊಳಚೆ ನೀರನ್ನು ಶುದ್ಧಮಾಡಿ ನೇರವಾಗಿ ಕುಡಿಯುವ ನೀರಿಗೆ ಸೇರಿಸುವುದನ್ನು ವಿಂಡ್‌ಹುಕ್ 1968ರಲ್ಲೇ ಶುರುಮಾಡಿತು, ಜಗತ್ತಿನಲ್ಲೇ ಮೊದಲು.

ಮಾತು, ಮರ್ಯಾದೆ

ಆಡಳಿತ ಭಾಷೆ ಇಂಗ್ಲಿಷ್. ಆದರೂ ಮಾತಿಗೆ ಮುಂಚೆ ನಮಸ್ಕಾರ ಹೇಳದೆ ದಾರಿ ಕೇಳುವುದು ಅಲ್ಲಿ ಒರಟುತನ. ಒವಾಂಬೊ ಜನರ ಭಾಷೆ ಒಶಿವಾಂಬೊದಲ್ಲಿ ಬೆಳಿಗ್ಗೆ ‘ವಾ ಲಲಾ ಪೋ’ ಎನ್ನಿ, ಚೆನ್ನಾಗಿ ಮಲಗಿದಿರಾ ಎಂದು ವಿಚಾರಿಸಿದಂತೆ. ಹಿರಿಯ ಹೆಂಗಸರಿಗೆ ‘ಮೆಮೆ’, ಗಂಡಸರಿಗೆ ‘ತಾತೆ’ ಸೇರಿಸಿ. ಧನ್ಯವಾದಕ್ಕೆ ‘ತಂಗಿ ಉನೆನೆ’, ನಮ್ಮ ತಂಗಿಯನ್ನು ನೆನೆದರೆ ಮರೆಯುವುದಿಲ್ಲ. ಹೆರೆರೊದಲ್ಲಿ ನಮಸ್ಕಾರ ‘ಮೊರೊ’, ಹೇಗಿದ್ದೀರಿ ‘ಪೆರಿವಿ’, ಧನ್ಯವಾದ ‘ಒಕುಹೆಪಾ’. ನಾಮ ಮತ್ತು ದಾಮರ ಜನರ ಭಾಷೆಯಲ್ಲಿ ನಾಲ್ಕು ಬಗೆಯ ಚಿಟಿಕೆ ವ್ಯಂಜನಗಳಿವೆ. ಅಯ್ಯೋ ಪಾಪ ಎನ್ನುವಾಗ ಹಲ್ಲಿನ ಹಿಂದೆ ಮಾಡುವ ಲೊಚಗುಟ್ಟುವಿಕೆ ಒಂದು, ಎತ್ತು ಹೊಡೆಯುವಾಗ ಕೆನ್ನೆಯಲ್ಲಿ ಮಾಡುವ ಸದ್ದು ಇನ್ನೊಂದು. ಎರಡು ನಿಮಗೆ ಈಗಾಗಲೇ ಬರುತ್ತವೆ.

ಹಿಂಬಾ ಬುಡಕಟ್ಟಿನ ಹೆಣ್ಣುಮಕ್ಕಳು ಬೆಣ್ಣೆಯ ಜಿಡ್ಡಿಗೆ ಕೆಮ್ಮಣ್ಣು ಕಲಸಿ ಮೈಗೂ ಕೂದಲಿಗೂ ಹಚ್ಚುತ್ತಾರೆ. ಅವರ ಹಟ್ಟಿಗೆ ಭಾಷೆ ಬಲ್ಲ ಮಾರ್ಗದರ್ಶಿಯಿಲ್ಲದೆ ಹೋಗಬೇಡಿ. ದನದ ದೊಡ್ಡಿಗೂ ಹಿರಿಯನ ಗುಡಿಸಲಿಗೂ ನಡುವೆ ಪಿತೃಗಳ ಪವಿತ್ರ ಬೆಂಕಿ ಇರುತ್ತದೆ, ಒಕುರುವೊ ಎನ್ನುತ್ತಾರೆ. ಆ ಗೆರೆಯನ್ನು ದಾಟಿ ನಡೆಯಬಾರದು. ಚಳ್ಳಕೆರೆ, ಮೊಳಕಾಲ್ಮುರು ಕಡೆ ಮ್ಯಾಸಬೇಡರ ದೇವರ ಎತ್ತುಗಳ ಹಟ್ಟಿಗೆ ಹೋಗುವಾಗ ಇರುವ ಭಯಭಕ್ತಿ ಇಲ್ಲೂ ಇರಲಿ. ಫೋಟೊಗೆ ಮೊದಲು ಕೇಳಿ. ಮಕ್ಕಳಿಗೆ ಮಿಠಾಯಿ ಹಂಚಬೇಡಿ, ಹಿಟ್ಟು, ಎಣ್ಣೆ, ಸಕ್ಕರೆಯನ್ನು ಹಿರಿಯರ ಕೈಗೆ ಕೊಡಿ. ಹೆರೆರೊ ಹೆಂಗಸರ ನೆರಿಗೆಯ ದೊಡ್ಡ ಲಂಗ ಮಿಷನರಿ ಕಾಲದ್ದು, ತಲೆಯ ಮೇಲಿನ ಅಗಲದ ರುಮಾಲು ಮಾತ್ರ ಹಸುವಿನ ಕೊಂಬಿನ ಆಕಾರ.

ವಾಟರ್‌ಬರ್ಗ್‌ಗೆ ಏಕೆ ಹೋಗಬೇಕು

ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು. 1884ರಲ್ಲಿ ಜರ್ಮನಿ ಈ ನೆಲವನ್ನು ವಸಾಹತು ಮಾಡಿಕೊಂಡಿತು. 1904ರ ಜನವರಿಯಲ್ಲಿ ಹೆರೆರೊಗಳು ತಿರುಗಿಬಿದ್ದರು. ಆಗಸ್ಟ್‌ನಲ್ಲಿ ಅವರು ದನಕರು, ಮಕ್ಕಳುಮರಿ ಸಮೇತ ಈ ಬೆಟ್ಟದ ಬುಡಕ್ಕೆ ಸೇರಿದ್ದರು, ಏಕೆಂದರೆ ಊಟೆಗಳಿದ್ದದ್ದು ಇಲ್ಲೇ. ಜರ್ಮನ್ ಸೇನೆ ಅವರನ್ನು ಪೂರ್ವದ ನೀರಿಲ್ಲದ ಒಮಾಹೆಕೆಗೆ ಅಟ್ಟಿ, ಹಿಂದಿನ ನೀರಿನ ನೆಲೆಗಳಿಗೆ ಕಾವಲು ಹಾಕಿತು. ಅಕ್ಟೋಬರ್ 2ರಂದು ಸೇನಾಪತಿ ಲೋಥರ್ ಫಾನ್ ಟ್ರೋಥಾ ಕಂಡ ಹೆರೆರೊಗಳನ್ನೆಲ್ಲ ಕೊಲ್ಲುವ ಆಜ್ಞೆ ಹೊರಡಿಸಿದ. ಸುಮಾರು 80 ಸಾವಿರ ಹೆರೆರೊಗಳಲ್ಲಿ 65 ಸಾವಿರದಷ್ಟು, ನಾಮರಲ್ಲಿ ಅರ್ಧದಷ್ಟು ಜನ 1908ರೊಳಗೆ ಸತ್ತರೆಂದು ಅಂದಾಜು. ಜರ್ಮನಿ ಇದನ್ನು ನರಮೇಧ ಎಂದು ಒಪ್ಪಿದ್ದು 2021ರಲ್ಲಿ. ಅಕ್ಕತಂಗಿಯರ ಹೊಂಡದ ನೀರು ಒಂದು ಕೋಟೆಯನ್ನು ಹೇಗೆ ಬದುಕಿಸಿತ್ತು ಎಂದು ಬಲ್ಲವರಿಗೆ, ನೀರಿಗೆ ಕಾವಲು ಹಾಕುವುದೆಂದರೇನು ಎಂಬುದು ಇಲ್ಲಿ ನಿಂತಾಗ ಎದೆಗೆ ತಟ್ಟುತ್ತದೆ. ಸ್ವಾಕೊಪ್‌ಮುಂಡ್‌ನ ಸ್ಮಶಾನದ ಅಂಚಿನಲ್ಲಿ ಹೆಸರಿಲ್ಲದ ಸಣ್ಣ ಮರಳು ದಿಬ್ಬಗಳ ಸಾಲುಗಳಿವೆ, ಅವು ಅವರ ಗೋರಿಗಳು. ಅಲ್ಲೂ ನಿಂತು ಬನ್ನಿ.

1915ರಲ್ಲಿ ದಕ್ಷಿಣ ಆಫ್ರಿಕಾ ಒಳಬಂದು, ವರ್ಣಭೇದವನ್ನೂ ತಂದಿತು. ವಿಂಡ್‌ಹುಕ್‌ನ ಸ್ವಾತಂತ್ರ್ಯ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ ಮುಂದಿನ ಕಥೆಯಿದೆ, ಎರಡು ಗಂಟೆ ಬೇಕು. ನಮೀಬಿಯಾದ ಸ್ವಾತಂತ್ರ್ಯದ ಪ್ರಶ್ನೆಯನ್ನು 1946ರಲ್ಲಿ ವಿಶ್ವಸಂಸ್ಥೆಯಲ್ಲಿ ಎತ್ತಿದ್ದು ಭಾರತ. ವಿಮೋಚನಾ ಸಂಘಟನೆ ಸ್ವಾಪೊ 1986ರಲ್ಲಿ ದೆಹಲಿಯಲ್ಲಿ ರಾಯಭಾರ ಕಚೇರಿ ತೆರೆಯಿತು. 1989ರ ಚುನಾವಣೆಗೆ ಕಾವಲಿದ್ದ ವಿಶ್ವಸಂಸ್ಥೆಯ ಪಡೆಯ ದಂಡನಾಯಕ ನಮ್ಮ ಲೆಫ್ಟಿನೆಂಟ್ ಜನರಲ್ ಪ್ರೇಮ್ ಚಂದ್. ಭಾರತದವರು ಎಂದು ಹೇಳಿದಾಗ ಹಿರಿಯರ ಮುಖದಲ್ಲಿ ಕಾಣುವ ಆದರಕ್ಕೆ ಈ ಇತಿಹಾಸವೂ ಒಂದು ಕಾರಣ. ಮೊದಲ ಅಧ್ಯಕ್ಷ ಸ್ಯಾಮ್ ನುಜೋಮಾ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಮಾರ್ಚ್ 21ರಂದು, ಸ್ವಾತಂತ್ರ್ಯ ದಿನದಂದೇ, ನೆಟುಂಬೊ ನಾಂಡಿ-ಎನ್ದೈಟ್ವಾ ಮೊದಲ ಮಹಿಳಾ ಅಧ್ಯಕ್ಷರಾದರು.

ಹಿಂತಿರುಗುವ ದಿನ

ವಿಮಾನ ನಿಲ್ದಾಣ ನಗರದಿಂದ 45 ಕಿ.ಮೀ. ಹೊರಗಿದೆ. ಕಾರು ಒಪ್ಪಿಸಲು ಒಂದು ಗಂಟೆ ಬೇರೆ ಇಟ್ಟುಕೊಳ್ಳಿ: ಕಾರು ತೊಳೆಸಿ, ಕಾರಿನ ನಾಲ್ಕು ಬದಿ, ಮುಂಗಾಜು, ಸ್ಟೆಪ್ನಿ ಸೇರಿ ಆರೂ ಟೈರುಗಳ ಫೋಟೊ ತೆಗೆದು, ಪಡೆದ ದಿನದ ಫೋಟೊ ಜೊತೆ ಹೋಲಿಸಿ ತೋರಿಸಿ, ಸಹಿ ಪಡೆಯಿರಿ. ನಮೀಬಿಯಾ ಡಾಲರ್ ದಕ್ಷಿಣ ಆಫ್ರಿಕಾದ ರ್ಯಾಂಡ್‌ಗೆ ಸಮ, ಅಲ್ಲಿ ಎರಡೂ ನಡೆಯುತ್ತವೆ. ದೇಶದ ಹೊರಗೆ ಮಾತ್ರ ನಮೀಬಿಯಾ ಡಾಲರನ್ನು ಬದಲಿಸಿಕೊಡುವವರು ಸಿಗುವುದು ಕಷ್ಟ, ಉಳಿದದ್ದನ್ನು ಡೀಸೆಲ್‌ಗೆ ಖರ್ಚು ಮಾಡಿ ಮುಗಿಸಿ. ಹಳದಿ ಜ್ವರದ ಕಾರ್ಡನ್ನು ದೊಡ್ಡ ಚೀಲಕ್ಕೆ ಹಾಕಬೇಡಿ, ಪಾಸ್‌ಪೋರ್ಟ್ ಜೊತೆಗೇ ಕೈಯಲ್ಲಿರಲಿ.